ಎರಡು ಬೆರಳಿನ ಕೆಲಸ

ಹತ್ತಿಯ ಒಂದು ಎಳೆಯ ಉದ್ದ ಸಾಮಾನ್ಯವಾಗಿ ಒಂದೂವರೆ ಅಂಗುಲ ದಾಟುವುದಿಲ್ಲ. ಹಳೆಯ ನಾಟಿ ತಳಿಗಳಲ್ಲಿ ಒಂದು ಅಂಗುಲವೂ ಇರುವುದಿಲ್ಲ. ಉಸಿರು ತಾಕಿದರೆ ಹಾರುವಷ್ಟು ಹಗುರವಾದ ಇಂಥ ಎಳೆಗಳಿಂದ ಮೈಲಿಗಟ್ಟಲೆ ನೂಲು ಹೊರಡುತ್ತದೆ. ನಡುವೆ ಅಂಟಿಲ್ಲ, ಗಂಟಿಲ್ಲ. ಎಳೆಗಳನ್ನು ಉದ್ದುದ್ದಕ್ಕೆ ಒಂದರ ಮೈಗೊಂದು ತಾಗುವಂತೆ ಸರಿಸಿ ಹುರಿ ಕೊಟ್ಟರೆ ಸಾಕು, ಅವು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಜಗ್ಗಿದಷ್ಟೂ ಆ ಹಿಡಿತ ಬಿಗಿಯಾಗುತ್ತದೆ. ನಾವು ಉಡುವ ಹತ್ತಿಬಟ್ಟೆ, ಹೊದೆಯುವ ಕಂಬಳಿ, ಎಲ್ಲವೂ ಉಳಿದುಬಂದಿರುವುದು ಈ ತಿಕ್ಕಾಟದ ಬಲದಿಂದ.

ನೂಲುವುದರಲ್ಲಿ ಮೂರು ಕೆಲಸಗಳಿವೆ. ಹಂಜಿಯಿಂದ ಎಳೆಗಳನ್ನು ಬೇಕಾದಷ್ಟೇ ತೆಳುವಾಗಿ ಎಳೆಯಬೇಕು, ಅವಕ್ಕೆ ಹುರಿ ಹಾಕಬೇಕು, ಆದ ನೂಲನ್ನು ಸುತ್ತಿಡಬೇಕು. ಹುರಿ ಹಾಕುವುದನ್ನೂ ಸುತ್ತುವುದನ್ನೂ ಕದಿರು ನೋಡಿಕೊಳ್ಳುತ್ತದೆ. ತಕಲಿಯ ಕಾಲ ಹೋಗಿ ರಾಟೆ ಬಂದಾಗ ಆದದ್ದು ಇಷ್ಟು: ಕದಿರು ಹೆಚ್ಚು ಬಿರುಸಾಗಿ ತಿರುಗಿತು. ಎಳೆಯುವ ಕೆಲಸ ಮಾತ್ರ ಸಾವಿರಾರು ವರ್ಷ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆಯೇ ಉಳಿಯಿತು. ಶಾಲೆಯಲ್ಲಿ ತಕಲಿ ಹಿಡಿದ ಹಿಂದಿನ ತಲೆಮಾರಿನವರಿಗೆ ಇದು ನೆನಪಿರಬೇಕು. ತಕಲಿ ತಿರುಗಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಹಂಜಿ ಬಿಡುವ ಬೆರಳು ಪಳಗುವುದು ನಿಧಾನ.

ಆ ಬೆರಳು ಮಾಡುವುದೇನು? ಇದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಇದರ ಸುತ್ತಲೇ ಇದೆ. ಹಂಜಿ ಹಿಡಿದ ಕೈಯನ್ನು ಹಿಂದಕ್ಕೆ ಒಯ್ದಂತೆ ಕದಿರಿನ ಹುರಿ ನೂಲಿನಗುಂಟ ಏರಿ ಬರುತ್ತದೆ. ಆದರೆ ಅದು ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ತೆಳುವಾದ ಜಾಗ ಸುಲಭವಾಗಿ ತಿರುಚಿಕೊಳ್ಳುತ್ತದೆ, ದಪ್ಪ ಜಾಗ ಜಗ್ಗುವುದಿಲ್ಲ. ಹಾಗಾಗಿ ಹುರಿಯ ಬಹುಪಾಲು ತೆಳು ಜಾಗಕ್ಕೆ ಓಡಿ ಸೇರಿಕೊಳ್ಳುತ್ತದೆ. ಅಲ್ಲಿ ನೂಲು ಗಟ್ಟಿಯಾಗುತ್ತದೆ. ದಪ್ಪ ಜಾಗ ಸಡಿಲವಾಗಿಯೇ ಇರುತ್ತದೆ. ಈಗ ಇನ್ನೊಂದಿಷ್ಟು ಎಳೆದರೆ ಜಾರುವುದು ಆ ಸಡಿಲವಾದ ದಪ್ಪ ಭಾಗ. ಅದು ತೆಳುವಾಗುತ್ತಿದ್ದಂತೆ ಹುರಿ ಅಲ್ಲಿಗೂ ಹರಿಯುತ್ತದೆ. ಹೀಗೆ ನೂಲು ತನ್ನ ಏರುಪೇರನ್ನು ತಾನೇ ತಿದ್ದಿಕೊಳ್ಳುತ್ತ ಹೋಗುತ್ತದೆ. ಹುರಿಯನ್ನು ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು, ಎಷ್ಟು ಬಲ ಹಾಕಿ ಎಳೆಯಬೇಕು ಎಂಬುದನ್ನು ಬೆರಳು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ನೂಲುವ ಹೆಂಗಸರು ಇದನ್ನು ಬಲ್ಲವರಾಗಿದ್ದರು. ತಾಯಿಯ ಪಕ್ಕ ಕೂತ ಮಗಳು ಕಲಿಯುತ್ತಿದ್ದಳು. ಯಾರೂ ಬರೆದಿಡಬೇಕಾದ ಪ್ರಮೇಯ ಬಂದಿರಲಿಲ್ಲ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಎರಡು ಬೆರಳಿಗೆ ಬದಲಿ ಹುಡುಕುವ ಪ್ರಯತ್ನ 40 ವರ್ಷ ನಡೆಯಿತು.

ಮೊದಲ ಹೆಜ್ಜೆ ಇಟ್ಟವರು ಇಬ್ಬರು. ಲೂಯಿಸ್ ಪಾಲ್ ಫ್ರಾನ್ಸಿನಿಂದ ಓಡಿಬಂದ ನಿರಾಶ್ರಿತ ಕುಟುಂಬದವನು. ಜಾನ್ ವೈಯಟ್ ಬಡಗಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸೇರಿದ ಇವರು 1738ರಲ್ಲಿ ಪಾಲ್ ಹೆಸರಿನಲ್ಲಿ ಒಂದು ಪೇಟೆಂಟ್ ಪಡೆದರು. ಅವರ ಯೋಚನೆ ಸರಳ, ಆದರೆ ಅದುವರೆಗೆ ಯಾರಿಗೂ ಹೊಳೆಯದ್ದು. ಹಂಜಿಯನ್ನು ಒಂದು ಜೊತೆ ಉರುಳೆಗಳ ನಡುವೆ ತೂರಿಸುವುದು. ಅದರ ಮುಂದೆ ಇನ್ನೊಂದು ಜೊತೆ, ಅದು ಹಿಂದಿನದಕ್ಕಿಂತ ಬಿರುಸಾಗಿ ತಿರುಗುವಂಥದ್ದು. ಹಿಂದಿನ ಜೊತೆ ನಿಧಾನವಾಗಿ ಕೊಡುತ್ತದೆ, ಮುಂದಿನದು ಅವಸರದಲ್ಲಿ ಎಳೆದುಕೊಳ್ಳುತ್ತದೆ, ನಡುವೆ ಹತ್ತಿ ತೆಳುವಾಗುತ್ತದೆ. ಇಂದು ಜಗತ್ತಿನ ಬಹುಪಾಲು ನೂಲಿನ ಗಿರಣಿಗಳಲ್ಲಿ ಎಳೆ ಸಪೂರವಾಗುವುದು ಇದೇ ಕ್ರಮದಲ್ಲಿ. ಆದರೆ ಪಾಲ್ ಮತ್ತು ವೈಯಟ್ ಬದುಕಿನಲ್ಲಿ ಸೋತರು. 1741ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕತ್ತೆಗಳಿಂದ ತಿರುಗಿಸುವ ಪುಟ್ಟ ಗಿರಣಿ ತೆರೆದರು, ಅದು ನಿಂತಿತು. ಪತ್ರಿಕಾ ಪ್ರಕಾಶಕ ಎಡ್ವರ್ಡ್ ಕೇವ್ ಹಣ ಹೂಡಿ ನಾರ್ಥಾಂಪ್ಟನ್‌ನಲ್ಲಿ ನೀರಿನಿಂದ ನಡೆಯುವ ಗಿರಣಿ ಮಾಡಿದ, ಅದೂ ಲಾಭ ಕಾಣಲಿಲ್ಲ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಪಾಲ್‌ನ ಪರವಾಗಿ ಕಾಗದ ಬರೆದುಕೊಟ್ಟದ್ದುಂಟು. ಪಾಲ್ 1759ರಲ್ಲಿ ತೀರಿಕೊಂಡ.

ತಪ್ಪು ಎಲ್ಲಿತ್ತು? ಬೆರಳು ತಾನಾಗಿ ಮಾಡುತ್ತಿದ್ದ ಎರಡು ಸಂಗತಿಗಳನ್ನು ಉರುಳೆಗೆ ಹೇಳಿಕೊಡಬೇಕಿತ್ತು. ಒಂದು, ಹಿಡಿತ. ಮೇಲಿನ ಉರುಳೆಗೆ ಸಾಕಷ್ಟು ಭಾರ ಹೇರದಿದ್ದರೆ ಹತ್ತಿ ಅದರಡಿ ಮನಬಂದಂತೆ ಜಾರುತ್ತದೆ. ಇನ್ನೊಂದು, ಅಂತರ. ಎರಡು ಜೊತೆ ಉರುಳೆಗಳ ನಡುವಿನ ದೂರ ಎಳೆಯ ಉದ್ದಕ್ಕಿಂತ ಕಡಿಮೆಯಾದರೆ ಒಂದೇ ಎಳೆಯನ್ನು ಎರಡೂ ಕಡೆಯಿಂದ ಹಿಡಿದು ಕಿತ್ತು ಹಾಕುತ್ತವೆ. ಹೆಚ್ಚಾದರೆ ನಡುವಿನ ಎಳೆಗಳಿಗೆ ಹಿಡಿಯುವವರೇ ಇಲ್ಲದಂತಾಗಿ ಅವು ಗುಂಪುಗುಂಪಾಗಿ ಸರಿಯುತ್ತವೆ, ನೂಲು ಒಂದು ಕಡೆ ಗಡ್ಡೆ ಒಂದು ಕಡೆ ಕೂದಲು. ದೂರ ಎಳೆಯ ಉದ್ದಕ್ಕಿಂತ ಒಂಚೂರು ಮಾತ್ರ ಜಾಸ್ತಿ ಇರಬೇಕು. ಎಷ್ಟು ಉದ್ದದ ಹತ್ತಿ ಎಂದು ತಿಳಿಯದೆ ಉರುಳೆ ಕೂರಿಸುವಂತಿಲ್ಲ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ, ಅನಂತರ ಜಯಲಕ್ಷ್ಮಿ ಎಂಬ ಉದ್ದೆಳೆಯ ಮಿಶ್ರತಳಿಗಳನ್ನು ಕೊಟ್ಟಾಗ ಗಿರಣಿಗಳು ಅವನ್ನು ಅಷ್ಟು ಆದರದಿಂದ ಕೊಂಡದ್ದು ಇದಕ್ಕೇ. ಎಳೆ ಉದ್ದವಾದಷ್ಟೂ ಉರುಳೆಯ ಕೆಲಸ ಸಲೀಸು, ನೂಲು ಸಣ್ಣ.

ಅತ್ತ ನೇಯುವವರ ಕಡೆಯಿಂದ ಒತ್ತಡ ಏರುತ್ತಿತ್ತು. 1733ರಲ್ಲಿ ಜಾನ್ ಕೇ ಎಂಬುವನು ಹಾರುವ ಲಾಳಿ ಮಾಡಿದ್ದ. ಅದು ನಿಧಾನವಾಗಿ ಹಬ್ಬಿ, ಮಗ್ಗ ಬಿರುಸಾಯಿತು. ಒಬ್ಬ ನೇಕಾರನಿಗೆ ನೂಲು ಒದಗಿಸಲು ಮನೆಯ ಹೆಂಗಸರು ಮಕ್ಕಳು ಸಾಲದೆ ಅಕ್ಕಪಕ್ಕದ ಊರುಗಳಿಗೆ ನಡೆದು ನೂಲು ಬೇಡುವ ಸ್ಥಿತಿ ಬಂತು. 1761ರಲ್ಲಿ ಲಂಡನ್ನಿನ ಕಲೆ-ಕೈಗಾರಿಕೆಗಳ ಸಂಘ ಬಹುಮಾನ ಸಾರಿತು: ಒಬ್ಬರೇ ನಡೆಸಬಹುದಾದ, ಒಮ್ಮೆಗೆ ಆರು ನೂಲು ತೆಗೆಯುವ ಯಂತ್ರಕ್ಕೆ 50 ಪೌಂಡ್.

ಆರಲ್ಲ, ಎಂಟು ಕದಿರಿನ ಯಂತ್ರ ಮೂರ್ನಾಲ್ಕು ವರ್ಷಗಳಲ್ಲೇ ಬಂತು. ಲ್ಯಾಂಕಾಶೈರಿನ ಓಸ್ವಾಲ್ಡ್‌ಟ್ವಿಸಲ್ ಬಳಿಯ ನೇಕಾರ ಜೇಮ್ಸ್ ಹಾರ್‌ಗ್ರೀವ್ಸ್ ಕಟ್ಟಿದ ಜೆನ್ನಿ ಅದು. ಮನೆಯಲ್ಲಿ ರಾಟೆಯೊಂದು ಉರುಳಿ ಬಿದ್ದು ಕದಿರು ನೆಟ್ಟಗೆ ನಿಂತು ತಿರುಗುತ್ತಿದ್ದುದನ್ನು ಕಂಡು ಅವನಿಗೆ ಹೊಳೆಯಿತು ಎಂಬ ಕತೆಯನ್ನು ಶಾಲಾಪುಸ್ತಕಗಳು ಹೇಳುತ್ತ ಬಂದಿವೆ. ಆ ಕತೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಜೆನ್ನಿಯಲ್ಲಿ ನಿಜಕ್ಕೂ ಗಮನಿಸಬೇಕಾದದ್ದು ಬೇರೆ. ಹಾರ್‌ಗ್ರೀವ್ಸ್ ಉರುಳೆಯ ಗೊಡವೆಗೆ ಹೋಗಲಿಲ್ಲ. ಎರಡು ಮರದ ಪಟ್ಟಿಗಳ ನಡುವೆ ಎಂಟೂ ಹಂಜಿಗಳನ್ನು ಒತ್ತಿ ಹಿಡಿದು, ಆ ಪಟ್ಟಿಯನ್ನೇ ಹಿಂದಕ್ಕೆ ಎಳೆದ. ಅಂದರೆ ನೂಲುವ ಹೆಂಗಸಿನ ಕೈಯ ಚಲನೆಯನ್ನು ಹಾಗೆಯೇ ಉಳಿಸಿಕೊಂಡು ಒಂದು ಕೈಗೆ ಎಂಟು ಕೈಯ ಕೆಲಸ ಕೊಟ್ಟ. ತೆಳು ಜಾಗಕ್ಕೆ ಹುರಿ ಓಡುವ, ದಪ್ಪ ಜಾಗ ಜಾರುವ ಆ ಹಳೆಯ ಗುಟ್ಟು ಜೆನ್ನಿಯಲ್ಲಿ ಜೀವಂತವಾಗಿತ್ತು. ಆದರೆ ಹುರಿ ಮೃದು, ನೂಲು ಬಡಕಲು. ಬಟ್ಟೆಯ ಅಡ್ಡ ನೂಲಾದ ಹೊಕ್ಕಿಗೆ ನಡೆಯುತ್ತಿತ್ತು, ಮಗ್ಗದ ಜಗ್ಗಾಟ ತಡೆಯಬೇಕಾದ ಉದ್ದ ನೂಲಾದ ಹಾಸಿಗೆ ನಡೆಯುತ್ತಿರಲಿಲ್ಲ. ಹಾಸಿಗೆ ಲಿನನ್ ನೂಲನ್ನೇ ಹಾಕಬೇಕಿತ್ತು. 1768ರಲ್ಲಿ ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಜನ ಹಾರ್‌ಗ್ರೀವ್ಸ್‌ನ ಯಂತ್ರಗಳನ್ನು ಒಡೆದರು. ಅವನು ನಾಟಿಂಗ್‌ಹ್ಯಾಮ್‌ಗೆ ಹೋದ, 1778ರಲ್ಲಿ ಅಲ್ಲೇ ತೀರಿಕೊಂಡ.

ಪಾಲ್‌ನ ಉರುಳೆಗೆ ಮರುಜೀವ ಬಂದದ್ದು ರಿಚರ್ಡ್ ಆರ್ಕ್‌ರೈಟ್‌ನಿಂದ. ಪ್ರೆಸ್ಟನ್‌ನಲ್ಲಿ 1732ರಲ್ಲಿ ಹುಟ್ಟಿದ ಬಡ ಮನೆಯ ಕೊನೆಯ ಮಗ, ಬೋಲ್ಟನ್‌ನಲ್ಲಿ ಕ್ಷೌರದ ಅಂಗಡಿ ಇಟ್ಟು ಟೋಪನ್ ಮಾಡಿ ಮಾರುತ್ತಿದ್ದವನು. ಗಡಿಯಾರ ಮಾಡುವ ಇನ್ನೊಬ್ಬ ಜಾನ್ ಕೇ ಜೊತೆ ಸೇರಿ 1769ರಲ್ಲಿ ಪೇಟೆಂಟ್ ಪಡೆದ. ಉರುಳೆಯ ವಿಚಾರ ಲೀ ಊರಿನ ಥಾಮಸ್ ಹೈಸ್ ಎಂಬುವನದ್ದು, ಅದು ಕೇ ಮೂಲಕ ಆರ್ಕ್‌ರೈಟ್‌ಗೆ ದಾಟಿತು ಎಂಬ ಸಾಕ್ಷ್ಯ ಮುಂದೆ ನ್ಯಾಯಾಲಯದಲ್ಲಿ ಬಂತು. 1785ರಲ್ಲಿ ಆರ್ಕ್‌ರೈಟ್‌ನ ಎರಡನೆಯ ಪೇಟೆಂಟ್ ರದ್ದಾಯಿತು. ಹುಟ್ಟಿಸಿದವನು ಯಾರೇ ಇರಲಿ, ಮೇಲಿನ ಉರುಳೆಗೆ ತೂಕ ಕಟ್ಟಿ, ಎಳೆಯ ಉದ್ದ ನೋಡಿ ಅಂತರ ಇಟ್ಟು, ಅದನ್ನು ನಡೆಯುವಂತೆ ಮಾಡಿದ ಶ್ರೇಯಸ್ಸು ಆರ್ಕ್‌ರೈಟ್‌ನದ್ದೇ. 1771ರಲ್ಲಿ ಡರ್ಬಿಶೈರಿನ ಕ್ರಾಂಫರ್ಡ್‌ನಲ್ಲಿ ನೀರಿನ ಬಲದಿಂದ ತಿರುಗುವ ಗಿರಣಿ ಎದ್ದಿತು. ನೂರು ವರ್ಷ ದಾಟಿ, 1880ರ ದಶಕದಲ್ಲಿ ಗೋಕಾಕದ ಜಲಪಾತದ ಪಕ್ಕ ಘಟಪ್ರಭೆಯ ನೀರಿನಿಂದ ನೂಲಿನ ಗಿರಣಿ ತಿರುಗಿಸಿದವರು ಹಿಡಿದದ್ದೂ ಇದೇ ದಾರಿ.

ಆರ್ಕ್‌ರೈಟ್‌ನ ವಾಟರ್ ಫ್ರೇಮ್ ಕೊಟ್ಟದ್ದು ಬಿಗಿ ಹುರಿಯ ಗಟ್ಟಿ ನೂಲು. ಹಾಸಿಗೂ ಹತ್ತಿಯನ್ನೇ ಹಾಕುವುದು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು. ಆದರೆ ಅದು ಸಣ್ಣ ನೂಲು ಕೊಡಲಾರದು. ಉರುಳೆಯಿಂದ ಹೊರಬಂದ ಎಳೆಗೆ ಒಮ್ಮೆ ಹುರಿ ಬಿದ್ದರೆ ಮುಗಿಯಿತು, ಮತ್ತೆ ಎಳೆದು ತಿದ್ದುವ ಅವಕಾಶವಿಲ್ಲ. ಉರುಳೆ ಬಿಟ್ಟ ಗಡ್ಡೆ ಗಡ್ಡೆಯಾಗಿಯೇ ಉಳಿಯಿತು. ಮೇಲಾಗಿ ಹುರಿ ಬೀಳುತ್ತಿರುವಾಗಲೇ ಸುತ್ತಿಕೊಳ್ಳುವ ಜಗ್ಗಾಟವೂ ನೂಲಿನ ಮೇಲೆ ಬೀಳುತ್ತಿತ್ತು. ಸಣ್ಣ ನೂಲಾದರೆ ಕಡಿದೇ ಹೋಗುತ್ತಿತ್ತು. ಜೆನ್ನಿಯಲ್ಲಿ ತಿದ್ದುವ ಗುಣವಿತ್ತು, ಬಲವಿರಲಿಲ್ಲ. ಫ್ರೇಮಿನಲ್ಲಿ ಬಲವಿತ್ತು, ನಯವಿರಲಿಲ್ಲ. ಈ ಹೊತ್ತಿನಲ್ಲಿ ಇಂಗ್ಲೆಂಡಿನ ಸಿರಿವಂತರು ತೊಡುತ್ತಿದ್ದ ಮಸ್ಲಿನ್ ಬರುತ್ತಿದ್ದುದು ಬಂಗಾಳದಿಂದ. ಅದಕ್ಕೆ ಹತ್ತಿರ ಬರುವ ನೂಲನ್ನು ಯುರೋಪಿನ ಯಾವ ಕೈಯೂ ಯಂತ್ರವೂ ತೆಗೆದಿರಲಿಲ್ಲ.

ಇನ್ನು ಸ್ಯಾಮ್ಯುಯೆಲ್ ಕ್ರಾಂಪ್ಟನ್. ಈ ಸಾಲಿನ ಸಂಶೋಧಕರಲ್ಲಿ ನನಗೆ ಅತ್ಯಂತ ಆಪ್ತನಾದವನು ಇವನು. ಕಾರಣವನ್ನು ಮುಚ್ಚಿಡುವುದಿಲ್ಲ: ಎಳವೆಯಿಂದ ದಿನವೂ ಕೂತು ನೂತು ಬೆಳೆದವನು ಇವನು.

ಬೋಲ್ಟನ್ ಬಳಿ 1753ರ ಡಿಸೆಂಬರ್ 3ರಂದು ಹುಟ್ಟಿದ. ಎಳೆಯನಿದ್ದಾಗಲೇ ತಂದೆ ತೀರಿಕೊಂಡ. ಹಾಲ್ ಇತ್ ವುಡ್ ಎಂಬ ಹಳೆಯ ದೊಡ್ಡ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದ ಕುಟುಂಬವನ್ನು ತಾಯಿ ಬೆಟ್ಟಿ ನೂಲು, ಮಗ್ಗ, ಹೈನುಗಳ ಆದಾಯದಿಂದ ಸಾಕಿದಳು. ಮಗನಿಗೆ ದಿನಕ್ಕೆ ಇಷ್ಟು ನೂಲು ಎಂದು ಲೆಕ್ಕ ಕಟ್ಟಿದ್ದಳು, ಕಡಿಮೆಯಾದರೆ ಬೈಗುಳ. ಹದಿಹರೆಯದಲ್ಲಿ ಎಂಟು ಕದಿರಿನ ಜೆನ್ನಿಯ ಮುಂದೆ ಕೂತ ಹುಡುಗನ ಸಮಯದಲ್ಲಿ ಅರ್ಧ ಕಡಿದ ನೂಲು ಹೊಸೆಯುವುದರಲ್ಲೇ ಹೋಗುತ್ತಿತ್ತು. ಪಿಟೀಲು ನುಡಿಸುವ ಹುಚ್ಚಿತ್ತು. ಪಿಟೀಲನ್ನು ತಾನೇ ಮಾಡಿಕೊಂಡಿದ್ದ. ಬೋಲ್ಟನ್‌ನ ನಾಟಕಶಾಲೆಯಲ್ಲಿ ರಾತ್ರಿ ನುಡಿಸಿ ಬಂದ ಪುಡಿಗಾಸಿನಲ್ಲಿ ಉಪಕರಣ ಕೊಂಡ. 1774ರಲ್ಲಿ, 21ನೆಯ ವಯಸ್ಸಿಗೆ, ಯಂತ್ರ ಕಟ್ಟಲು ಕೂತ. ಮುಗಿದದ್ದು 1779ರಲ್ಲಿ.

ಆ ಐದು ವರ್ಷಗಳ ಒಂದು ವಿವರವನ್ನು ಮ್ಯಾಂಚೆಸ್ಟರಿನ ಗಿರಣಿ ಮಾಲೀಕ ಜಾನ್ ಕೆನಡಿ ಮುಂದೆ ಕ್ರಾಂಪ್ಟನ್ ಕುರಿತು ಬರೆದ ನೆನಪಿನಲ್ಲಿ ಉಳಿಸಿಕೊಟ್ಟಿದ್ದಾನೆ. ಕ್ರಾಂಪ್ಟನ್ ಮೊದಲು ಒಂದೇ ಜೊತೆ ಉರುಳೆ ಕೂರಿಸಿದನಂತೆ. ಲೋಹವನ್ನು ಉರುಳೆಯ ನಡುವೆ ಅದುಮಿದರೆ ಹೇಗೆ ಉದ್ದವಾಗುತ್ತದೋ ಹಾಗೆ ಹತ್ತಿಯೂ ಉದ್ದವಾದೀತೆಂದು ನಂಬಿದ್ದ. ಆಗಲಿಲ್ಲ. ಹತ್ತಿ ಅದುಮಿದರೆ ಉದ್ದವಾಗುವ ವಸ್ತುವಲ್ಲ. ಅದರ ಎಳೆಗಳು ಒಂದರ ಮೇಲೊಂದು ಜಾರಿದರಷ್ಟೇ ಉದ್ದ. ಎರಡನೆಯ ಜೊತೆಯನ್ನು ಬೇರೆ ವೇಗದಲ್ಲಿ ಕೂರಿಸಿದಾಗ ದಾರಿ ಸಿಕ್ಕಿತು. ಆರ್ಕ್‌ರೈಟ್‌ನ ಯಂತ್ರ ತನಗೆ ಗೊತ್ತಿರಲಿಲ್ಲ ಎಂದು ಅವನು ಹೇಳಿಕೊಂಡಿದ್ದ. ಕುರಿಚರ್ಮ ಹೊದಿಸಿದ ಮರದ ಉರುಳೆಗಳು, ಕೈಯಲ್ಲಿ ಕೆತ್ತಿದ ಚಕ್ರಗಳು, ಎಲ್ಲ ಹಗಲ ಕೆಲಸ ಮುಗಿದ ಮೇಲೆ ರಾತ್ರಿ ಮಾಡಿದ್ದು. ಆ ಹಳೆಯ ಮನೆಯ ಮೇಲಂತಸ್ತಿನಲ್ಲಿ ನಡುರಾತ್ರಿ ದೀಪ, ಸದ್ದು ಕಂಡು ಕೇಳಿ ಊರವರು ದೆವ್ವವೆಂದುಕೊಂಡರು. 1779ರಲ್ಲಿ ಲ್ಯಾಂಕಾಶೈರಿನಲ್ಲಿ ಮತ್ತೆ ದಂಗೆ ಎದ್ದಿತು. 20-24 ಕದಿರಿನ ಒಳಗಿನ ಜೆನ್ನಿಗಳನ್ನು ಬಿಟ್ಟು ದೊಡ್ಡವನ್ನೆಲ್ಲ ಗುಂಪುಗಳು ಮುರಿದವು, ಬರ್ಕೇಕರ್‌ನಲ್ಲಿದ್ದ ಆರ್ಕ್‌ರೈಟ್‌ನ ಗಿರಣಿಯನ್ನೂ ನಾಶಮಾಡಿದವು. ಕ್ರಾಂಪ್ಟನ್ ತನ್ನ ಯಂತ್ರವನ್ನು ಬಿಚ್ಚಿ ಅಟ್ಟದ ಮೇಲೆ ಅಡಗಿಸಿಟ್ಟ.

ಅದರಲ್ಲಿ 48 ಕದಿರುಗಳಿದ್ದವು. ಕದಿರುಗಳು ನಿಂತಿದ್ದುದು ಗಾಲಿಯ ಮೇಲೆ ಓಡಾಡುವ ಒಂದು ಬಂಡಿಯ ಮೇಲೆ, ಮತ್ತು ಆವಿಷ್ಕಾರವಿದ್ದುದು ಆ ಬಂಡಿಯಲ್ಲಿ. ಉರುಳೆಗಳು ಹತ್ತಿಯನ್ನು ತೆಳುವಾಗಿಸಿ ಹೊರಗೆ ಬಿಡುತ್ತವೆ. ಅವು ಬಿಟ್ಟಷ್ಟೇ ವೇಗದಲ್ಲಿ ಬಂಡಿ ಹಿಂದೆ ಸರಿಯುತ್ತದೆ. ಕದಿರು ತಿರುಗಿ ಎಳೆಗೆ ಎಳಸಾದ ಹುರಿ ಬೀಳುತ್ತದೆ. ಇಲ್ಲಿ ನೂಲಿನ ಮೇಲೆ ಜಗ್ಗಾಟವೇ ಇಲ್ಲ. ಬೇಕಾದಷ್ಟು ಹೊರಬಂದೊಡನೆ ಉರುಳೆಗಳು ನಿಲ್ಲುತ್ತವೆ. ನಿಂತ ಉರುಳೆ ಈಗ ಹಂಜಿ ಹಿಡಿದ ಬೆರಳಿನಂತೆ ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಬಂಡಿ ಮಾತ್ರ ಇನ್ನೂ ಒಂದಿಷ್ಟು ಹಿಂದೆ ಹೋಗುತ್ತದೆ. ಆಗ ಹುರಿ ಸೇರಿದ ತೆಳು ಜಾಗಗಳು ತಡೆದು ನಿಲ್ಲುತ್ತವೆ, ಸಡಿಲವಾದ ದಪ್ಪ ಜಾಗಗಳು ಜಾರಿ ತೆಳುವಾಗುತ್ತವೆ. ಉರುಳೆ ಮಾಡಿದ ತಪ್ಪನ್ನು ಬಂಡಿ ತಿದ್ದುತ್ತದೆ. ಅದಾದ ಮೇಲೆ ಪೂರ್ತಿ ಹುರಿ. ನೂಲು ಗಟ್ಟಿಯಾದ ಮೇಲಷ್ಟೇ ಬಂಡಿ ಮರಳಿ ಬರುತ್ತ ಅದನ್ನು ಕದಿರಿಗೆ ಸುತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಸುಮಾರು ಐದು ಅಡಿ ನೂಲು.

ಸಾವಿರಾರು ವರ್ಷದಿಂದ ಹೆಂಗಸರ ಕೈ ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದ ಲಯ ಇದೇ. ಆರ್ಕ್‌ರೈಟ್ ವ್ಯಾಪಾರಿಯ ಕಣ್ಣಿನಿಂದ ನೂಲನ್ನು ನೋಡಿದ, ಅದಕ್ಕೆ ಬೇಕಾದ ಕಟ್ಟಡ, ಹಣ, ಆಳುಗಳನ್ನು ಅವನಷ್ಟು ಚೆನ್ನಾಗಿ ಕೂಡಿಸಿದವನು ಇನ್ನೊಬ್ಬನಿಲ್ಲ. ಆದರೆ ಎಳೆ ಬೆರಳಿನಡಿ ಜಾರುವ ಆ ಕ್ಷಣವನ್ನು ಕ್ರಾಂಪ್ಟನ್ ಹತ್ತು ವರ್ಷ ತನ್ನ ಕೈಯಲ್ಲೇ ಅನುಭವಿಸಿದ್ದ. ನೂಲು ಯಾವಾಗ ಕಡಿಯುತ್ತದೆ ಎಂದು ತಿಳಿದವನಿಗೆ ಮಾತ್ರ ಅದು ಕಡಿಯದಂತೆ ನೋಡಿಕೊಳ್ಳುವ ಬಂಡಿ ಹೊಳೆಯಲು ಸಾಧ್ಯ ಎಂದು ನಾನು ನಂಬುತ್ತೇನೆ.

ಉರುಳೆ ಆರ್ಕ್‌ರೈಟ್‌ನದು, ಹಿಂದೆ ಸರಿಯುವ ಎಳೆತ ಜೆನ್ನಿಯದು. ಎರಡರ ಕೂಸಾದ ಯಂತ್ರಕ್ಕೆ ಜನ ಮ್ಯೂಲ್, ಅಂದರೆ ಹೇಸರಗತ್ತೆ, ಎಂದು ಹೆಸರಿಟ್ಟರು.

ನೂಲಿನ ನಂಬರ್ ಎಂದರೆ ಒಂದು ಪೌಂಡು ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಸಿಗುತ್ತವೆ ಎಂಬ ಲೆಕ್ಕ. ನಂಬರ್ ಏರಿದಷ್ಟೂ ನೂಲು ಸಣ್ಣ. ಕ್ರಾಂಪ್ಟನ್ ತಾನೇ ಬರೆದಿಟ್ಟಂತೆ ಮೊದಲು 40ರ ನೂಲಿಗೆ ಪೌಂಡಿಗೆ 14 ಶಿಲ್ಲಿಂಗ್ ಸಿಕ್ಕಿತು. 60ರ ನೂಲಿಗೆ 25. ಆಗುವುದೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದ 80ರ ನೂಲನ್ನು ಆಗುತ್ತದೆ ಎಂದು ತೋರಿಸಲಿಕ್ಕಾಗಿಯೇ ಒಂದಿಷ್ಟು ನೂತ. ಅದಕ್ಕೆ 42 ಶಿಲ್ಲಿಂಗ್. 80 ನಂಬರ್ ಎಂದರೆ ಅರ್ಧ ಕೆ.ಜಿ.ಗೂ ಕಡಿಮೆ ಹತ್ತಿಯಿಂದ ಸುಮಾರು 61 ಕಿಲೋಮೀಟರ್ ನೂಲು. ಮನೆಮಂದಿಯೆಲ್ಲ ಅದರಲ್ಲಿ ತೊಡಗಿದ್ದರು. ಹತ್ತಿಯನ್ನು ಸಾಬೂನು ನೀರಿನ ತೊಟ್ಟಿಗೆ ಹಾಕಿ, ಆಗತಾನೆ ನಡೆಯಲು ಕಲಿತ ತನ್ನನ್ನು ಅದರೊಳಗೆ ಇಳಿಸಿ ತಾಯಿ ತುಳಿಸುತ್ತಿದ್ದಳೆಂದು ಹಿರಿಯ ಮಗ ಜಾರ್ಜ್ ವಯಸ್ಸಾದ ಮೇಲೆ ನೆನಪಿಸಿಕೊಂಡಿದ್ದ.

ಅಷ್ಟು ಸಣ್ಣ ನೂಲು ಪೇಟೆಗೆ ಬಂದದ್ದೇ ತಡ, ಅದು ಎಲ್ಲಿಂದ ಬಂತೆಂದು ಜನ ಹುಡುಕಿಕೊಂಡು ಬಂದರು. ಕಿಟಕಿಗೆ ಏಣಿ ಹಾಕಿ ಇಣುಕಿದರು. ಯಂತ್ರವನ್ನು ನಾಶಮಾಡುವುದು ಅಥವಾ ಎಲ್ಲರಿಗೂ ಬಿಟ್ಟುಕೊಡುವುದು, ಎರಡೇ ದಾರಿ ಉಳಿಯಿತೆಂದು ಕ್ರಾಂಪ್ಟನ್ ಬರೆದಿದ್ದಾನೆ. ಪೇಟೆಂಟಿಗೆ ಹಣವಿರಲಿಲ್ಲ, ಉರುಳೆಯ ಮೇಲೆ ಆರ್ಕ್‌ರೈಟ್‌ನ ಹಕ್ಕು ಇನ್ನೂ ಇತ್ತು. ಗಿರಣಿದಾರರು ವಂತಿಗೆ ಎತ್ತಿಕೊಡುತ್ತೇವೆಂದು ಬರೆದುಕೊಟ್ಟ ಮಾತನ್ನು ನಂಬಿ 1780ರಲ್ಲಿ ಯಂತ್ರವನ್ನು ತೆರೆದು ತೋರಿಸಿದ. ಕೈಗೆ ಬಂದದ್ದು 60-70 ಪೌಂಡ್. ಬರೆದುಕೊಟ್ಟವರಲ್ಲಿ ಕೆಲವರು ಕೊಡಲೂ ಇಲ್ಲ. ಇದು ಅವನೊಳಗೆ ಎಷ್ಟು ಆಳವಾಗಿ ಇಳಿಯಿತೆಂದರೆ, ಮುಂದೆ ಹತ್ತಿ ಹಿಂಜುವ ಹೊಸ ಯಂತ್ರವೊಂದನ್ನು ಮಾಡಿದಾಗ ಅದೂ ಪರರ ಪಾಲಾಗಬಾರದೆಂದು ಕೊಡಲಿ ಹಿಡಿದು ತಾನೇ ಒಡೆದು ಹಾಕಿದ.

1811ರಲ್ಲಿ ಅವನು ಊರೂರು ತಿರುಗಿ ತನ್ನ ಯಂತ್ರ ಎಷ್ಟು ಹಬ್ಬಿದೆಯೆಂದು ಎಣಿಸಿದ. ಮ್ಯೂಲ್ ಕದಿರುಗಳು 40 ಲಕ್ಷಕ್ಕೂ ಮಿಕ್ಕಿದ್ದವು. ಆರ್ಕ್‌ರೈಟ್‌ನ ಫ್ರೇಮಿನ ಕದಿರುಗಳು ಸುಮಾರು 3 ಲಕ್ಷ, ಜೆನ್ನಿಯವು ಒಂದೂವರೆ ಲಕ್ಷ. ಈ ಎಣಿಕೆಯನ್ನು ಹಿಡಿದು ಸಂಸತ್ತಿಗೆ ಮನವಿ ಹೋಯಿತು. 1812ರ ಮೇ 11ರಂದು ಅವನು ಸಂಸತ್ ಭವನದಲ್ಲೇ ಇದ್ದ. ಅವನಿಗೆ ದೊಡ್ಡ ಮೊತ್ತವೊಂದನ್ನು ಸೂಚಿಸಲಿದ್ದ ಎನ್ನಲಾದ ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಅದೇ ದಿನ ಅದೇ ಭವನದ ಮೊಗಸಾಲೆಯಲ್ಲಿ ಗುಂಡೇಟಿಗೆ ಬಲಿಯಾದ. ಕೊನೆಗೆ ಮಂಜೂರಾದದ್ದು 5,000 ಪೌಂಡ್. ಅದನ್ನು ಹಾಕಿ ಮಾಡಿದ ವ್ಯಾಪಾರಗಳು ಕೈಹಿಡಿಯಲಿಲ್ಲ. ಮುಪ್ಪಿನಲ್ಲಿ ಕೆನಡಿ ಮತ್ತಿತರ ಸ್ನೇಹಿತರು ಕೂಡಿಸಿಕೊಟ್ಟ ಸಣ್ಣ ವರ್ಷಾಶನದಲ್ಲಿ ಬದುಕಿ 1827ರಲ್ಲಿ ತೀರಿಕೊಂಡ.

ಮ್ಯೂಲ್‌ನ ಚರಿತ್ರೆ ಬರೆದ ಹೆರಾಲ್ಡ್ ಕ್ಯಾಟ್ಲಿಂಗ್ ಒಂದು ಲೆಕ್ಕ ಕೊಟ್ಟಿದ್ದಾನೆ. 100 ಪೌಂಡು ಹತ್ತಿಯನ್ನು ಸಣ್ಣ ನೂಲಾಗಿಸಲು ಭಾರತದ ಕೈನೂಲುಗಾರರಿಗೆ 50,000 ಗಂಟೆ ಬೇಕಿತ್ತು. ಕ್ರಾಂಪ್ಟನ್‌ನ ಮೊದಲ ಮ್ಯೂಲ್‌ಗೆ 2,000 ಗಂಟೆ. ರಿಚರ್ಡ್ ರಾಬರ್ಟ್ಸ್ 1825ರ ಸುಮಾರಿಗೆ ಮಾಡಿದ, ತಾನಾಗಿ ನಡೆಯುವ ಮ್ಯೂಲ್‌ಗೆ 135. ಈ ಅಂಕಿಗಳನ್ನು ಓದುವಾಗ 50,000 ಗಂಟೆಯ ಕಡೆ ಇದ್ದವರು ಯಾರೆಂದು ಕೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ವಾರದ ಸಂತೆಗಳಲ್ಲಿ ಬಡ ಹೆಂಗಸರು ಒಂದಿಷ್ಟು ಹತ್ತಿ ಕೊಂಡು ನೂತು ನೇಕಾರರಿಗೆ ಮಾರುತ್ತಿದ್ದುದನ್ನು ದಾಖಲಿಸಿದ್ದಾನೆ. ಬಂಗಾಳದ ಢಾಕಾದಲ್ಲಿ ನೂಲು ಒಂದು ವಿದ್ಯೆಯೇ ಆಗಿತ್ತು. ಅಲ್ಲಿನ ಫುಟಿ ಕರ್ಪಾಸ ಎಂಬ ಹತ್ತಿಯ ಎಳೆ ಗಿಡ್ಡ, ಉರುಳೆಗೆ ಒಗ್ಗುವಂಥದ್ದಲ್ಲ. ಅದನ್ನು ಬೋಯಾಲಿ ಮೀನಿನ ಹಲ್ಲಿನ ದವಡೆಯಿಂದ ಬಾಚಿ, ಸೂಜಿಯಂಥ ಕದಿರನ್ನು ಚಿಪ್ಪಿನಲ್ಲಿ ಊರಿ, ಗಾಳಿಯಲ್ಲಿ ತೇವವಿರುವ ಮುಂಜಾವು ಮತ್ತು ಇಳಿಹೊತ್ತಿನಲ್ಲಿ ಮಾತ್ರ ನೂಲುತ್ತಿದ್ದರು. ಒಣ ಗಾಳಿಯಲ್ಲಿ ಎಳೆ ಪೆಡಸಾಗಿ ಕಡಿಯುತ್ತದೆ. ಕ್ರಾಂಪ್ಟನ್‌ನ ಯಂತ್ರಕ್ಕೆ ಮೊದಲು ಇದ್ದ ಹೆಸರುಗಳಲ್ಲಿ ಮಸ್ಲಿನ್ ರಾಟೆ ಎಂಬುದೂ ಒಂದು. ಅದು ಯಾರ ಕೆಲಸದ ಮೇಲೆ ಕಣ್ಣಿಟ್ಟಿತ್ತು ಎಂಬುದು ಹೆಸರಿನಲ್ಲೇ ಇದೆ.

1820ರ ದಶಕದಲ್ಲಿ ವಿಲಾಯತಿ ನೂಲು ಬಂಗಾಳಕ್ಕೆ ಹೇರಳವಾಗಿ ಇಳಿಯಿತು. 1828ರಲ್ಲಿ ಸಮಾಚಾರ ದರ್ಪಣ ಪತ್ರಿಕೆಗೆ ಶಾಂತಿಪುರದ ಒಬ್ಬ ವಿಧವೆಯ ಕಾಗದ ಬಂತು. ಚಿಕ್ಕ ವಯಸ್ಸಿನಲ್ಲಿ ಗಂಡ ಹೋದ ಮೇಲೆ ತಕಲಿ, ಚರಕ ಹಿಡಿದು ಅತ್ತೆಮಾವಂದಿರನ್ನೂ ಮೂವರು ಹೆಣ್ಣುಮಕ್ಕಳನ್ನೂ ಸಾಕಿದವಳು ಆಕೆ. ನೇಕಾರರು ಮನೆಬಾಗಿಲಿಗೆ ಬಂದು ನೂಲು ಒಯ್ಯುತ್ತಿದ್ದರು, ಮಕ್ಕಳ ಮದುವೆಯೂ ಆ ದುಡ್ಡಿನಲ್ಲೇ ನಡೆಯಿತು. ಈಗ ಯಾರೂ ಬರುತ್ತಿಲ್ಲ, ವಿಲಾಯತಿ ನೂಲು ಅಗ್ಗ. ಇಷ್ಟು ಕಡಿಮೆ ಬೆಲೆಗೆ ನೂತು ಕಳಿಸುತ್ತಾರೆಂದರೆ ಆ ದೇಶದ ಹೆಂಗಸರು ನನಗಿಂತಲೂ ದಿಕ್ಕಿಲ್ಲದವರಿರಬೇಕು ಎಂಬ ಅರ್ಥದ ಮಾತನ್ನು ಆಕೆ ಬರೆದಿದ್ದಾಳೆ. ಸಮುದ್ರದ ಆಚೆ ನೂಲುತ್ತಿದ್ದುದು ಒಂದು ಬಂಡಿ ಎಂಬುದನ್ನು ಆಕೆ ಊಹಿಸುವಂತಿರಲಿಲ್ಲ.

ಮ್ಯೂಲ್ ಕೂಡ ಕೊನೆಯವರೆಗೆ ಗೆಲ್ಲಲಿಲ್ಲ. ಬಂಡಿ ಹೋಗಿ ಬರುವ ಹೊತ್ತು ದಂಡ. 1828ರಲ್ಲಿ ಅಮೆರಿಕದ ಜಾನ್ ಥಾರ್ಪ್ ಪೇಟೆಂಟ್ ಪಡೆದ ರಿಂಗ್ ಫ್ರೇಮ್ ಎಳೆಯುವುದು, ಹುರಿ, ಸುತ್ತು ಮೂರನ್ನೂ ಎಡೆಬಿಡದೆ ಒಟ್ಟಿಗೇ ಮಾಡಿತು. ಇಂಗ್ಲೆಂಡಿನ ಗಿರಣಿಗಳು ಮ್ಯೂಲ್‌ಗೆ ಅಂಟಿಕೊಂಡಿದ್ದಾಗ, ನಾಗಪುರದ ತನ್ನ ಎಂಪ್ರೆಸ್ ಗಿರಣಿಯಲ್ಲಿ 1880ರ ದಶಕದಲ್ಲೇ ರಿಂಗ್ ಕದಿರುಗಳನ್ನು ಪರೀಕ್ಷಿಸಿ ಒಪ್ಪಿಕೊಂಡವರು ಜೆಮ್‌ಶೆಟ್‌ಜಿ ಟಾಟಾ. ರಿಂಗ್‌ನಲ್ಲಿ ಎಳೆಯುವ ಕೆಲಸ ಪೂರ್ತಿ ಉರುಳೆಯದೇ. ಬೆರಳಿನ ತಿದ್ದುಪಡಿ ಅಲ್ಲಿಗೆ ಕೈಬಿಟ್ಟುಹೋಯಿತು. ಅದರ ಬದಲು ಉದ್ದೆಳೆಯ ಹತ್ತಿಯನ್ನು ಆರಿಸಿ, ಬಾಚಿ, ಮತ್ತೆ ಮತ್ತೆ ಸಮಮಾಡಿ ಕೊಡುವ ಯಂತ್ರಗಳ ಸಾಲು ಬಂತು.

1761ರ ಬಹುಮಾನದಂಥದ್ದೇ ಇನ್ನೊಂದನ್ನು 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕ ಸಂಘ ಸಾರಿತು. ಈ ಸಲದ ಆಸೆ ಯಂತ್ರವನ್ನು ಮನೆಗೆ ಮರಳಿ ತರುವುದು. ಹಳ್ಳಿಯ ಹೆಂಗಸೊಬ್ಬಳು ಆಯಾಸವಿಲ್ಲದೆ ನಡೆಸುವಂತಿರಬೇಕು, ಬೆಲೆ 150 ರೂಪಾಯಿ ಮೀರಬಾರದು, ಎಂಟು ಗಂಟೆಯಲ್ಲಿ 16,000 ಅಡಿ ನೂಲು ಬರಬೇಕು. ಬಹುಮಾನ ಒಂದು ಲಕ್ಷ ರೂಪಾಯಿ. ಅದು ಯಾರಿಗೂ ಸಿಗಲಿಲ್ಲ. 1949ರ ಸುಮಾರಿಗೆ ತಮಿಳುನಾಡಿನ ಏಕಾಂಬರನಾಥನ್ ಚರಕಕ್ಕೆ ಉರುಳೆಗಳನ್ನು ಕೂರಿಸಿ ದಾರಿ ತೋರಿದರು. ಅವರ ಹೆಸರಿನ ಅಂಬರ ಚರಕವೇ ಬೆಳೆದು ಇಂದು ನಮ್ಮ ಖಾದಿ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಬದನವಾಳಿನಂಥ ಊರುಗಳಲ್ಲಿ ಅದನ್ನು ತಿರುಗಿಸುವ ಹೆಂಗಸರ ಕಣ್ಣೆದುರು ಸುತ್ತುವುದು ಲೂಯಿಸ್ ಪಾಲ್‌ನ ಉರುಳೆಯ ಮರಿಮೊಮ್ಮಕ್ಕಳು.

ಢಾಕಾ ಮಸ್ಲಿನ್ ಹೋದದ್ದು ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಬಾಂಗ್ಲಾದೇಶ ಸರ್ಕಾರ 2010ರ ದಶಕದಲ್ಲಿ ಅದನ್ನು ಮರಳಿ ನೇಯಲು ಹೊರಟಾಗ ಮೊದಲು ಫುಟಿ ಕರ್ಪಾಸದ ವಂಶದ ಗಿಡ ಹುಡುಕಬೇಕಾಯಿತು. ಗಿಡ ಸಿಕ್ಕ ಮೇಲೆ ನೂಲಿನ ಪ್ರಶ್ನೆ ಎದ್ದಿತು. ಆ ಗಿಡ್ಡ ಎಳೆಯಿಂದ ನೂರಾರು ನಂಬರಿನ ನೂಲು ತೆಗೆಯುವುದು ಯಂತ್ರದ ಕೈಲಿ ಆಗದ ಕೆಲಸ. ಚರಕದ ಮುಂದೆ ಹೆಂಗಸರನ್ನು ಕೂರಿಸಿ ತಿಂಗಳುಗಟ್ಟಲೆ ಬೆರಳು ಪಳಗಿಸಿದರು, ಚರ್ಮ ಒರಟಾದರೆ ಎಳೆಯ ಅರಿವೇ ಆಗುವುದಿಲ್ಲವೆಂದು ಬೆರಳ ತುದಿ ಮೃದುವಾಗಿರುವಂತೆ ನೋಡಿಕೊಂಡರು. 2020ರಲ್ಲಿ ಢಾಕಾ ಮಸ್ಲಿನ್‌ಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ನೂಲನ್ನು ಅವರು ಈಗಲೂ ಕೈಯಲ್ಲೇ ತೆಗೆಯುತ್ತಿದ್ದಾರೆ.